ಜಾನುವಾರುಗಳಿಂದ ಬೀಜ ಪ್ರಸಾರ: ಹಿಂಡಿನ ಗೊಬ್ಬರ ಮತ್ತು ಬಳ್ಳಾರಿ ಜಾಲಿ

ಸಸ್ಯವು ನಿಂತಲ್ಲಿಂದ ಕದಲಲಾರದು. ಅದರ ಬೀಜ ದೂರ ಸಾಗಲು ಗಾಳಿ, ನೀರು ಅಥವಾ ಪ್ರಾಣಿಗಳ ನೆರವು ಬೇಕು. ಸೇಡಂ ತಾಲ್ಲೂಕಿನ ಕೋಡ್ಲಾ ಸುತ್ತಲಿನ ತೊಗರಿ ಹೊಲಗಳ ಬದುಗಳಲ್ಲಿ ಯಾರೂ ನೆಡದ ಬೇವಿನ ಗಿಡಗಳನ್ನು ತಾವು ಕಂಡಿರಬಹುದು. ಹಣ್ಣು ತಿಂದ ಕಾಗೆ, ಗೊರವಂಕಗಳು ಬೀಜ ಉದುರಿಸಿದ್ದರ ಫಲವಿದು. ಔಡಲ ಬೀಜದ ತುದಿಯ ಮೆತ್ತನೆಯ ಗಂಟಿನ ಆಸೆಗೆ ಇರುವೆಗಳು ಅದನ್ನು ಗೂಡಿಗೆ ಎಳೆದೊಯ್ಯುತ್ತವೆ. ಉತ್ತರಾಣಿ, ಮರುಳುಮತ್ತಿ ಕಾಯಿಗಳು ಕುರಿಯ ಉಣ್ಣೆಗೆ ಅಂಟಿಕೊಂಡು ಊರಿಂದೂರಿಗೆ ಸಾಗುತ್ತವೆ. ಆದರೆ ಈ ಭಾಗದ ರೈತರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಬಳ್ಳಾರಿ ಜಾಲಿಯ ವಿಷಯದಲ್ಲಿ.

ಅಮೆರಿಕ ಖಂಡದ ಮೂಲದ ಈ ಗಿಡವನ್ನು 1870ರ ದಶಕದಲ್ಲಿ ಭಾರತಕ್ಕೆ ತರಲಾಯಿತು. ಇದರ ಎಲೆಯನ್ನು ಜಾನುವಾರುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಮಾಗಿ ಉದುರುವ ಹಳದಿ ಕಾಯಿ ಮಾತ್ರ ಸಿಹಿ. ಮೇವಿನ ಕೊರತೆಯ ದಿನಗಳಲ್ಲಿ ಆಡು, ಕುರಿ, ದನಗಳು ಅದನ್ನು ಆಯ್ದು ತಿನ್ನುತ್ತವೆ. ತಿರುಳು ಜೀರ್ಣವಾಗುತ್ತದೆ, ಗಟ್ಟಿ ಹೊದಿಕೆಯ ಬೀಜಗಳಲ್ಲಿ ಹಲವು ಜೀವಂತವಾಗಿಯೇ ಹೊರಬರುತ್ತವೆ. ಆಡು-ಕುರಿಗಳಿಗಿಂತ ದನಗಳ ಸಗಣಿಯಲ್ಲಿ ಇಂಥ ಬೀಜಗಳ ಪಾಲು ಹೆಚ್ಚು. ಜಠರದಲ್ಲಿ ಹೊದಿಕೆ ಸಡಿಲಗೊಂಡ ಬೀಜಕ್ಕೆ ಸಗಣಿಯ ತೇವವೂ ಪೋಷಕಾಂಶವೂ ದೊರೆಯುತ್ತವೆ. ಬಿತ್ತನೆಗೆ ಮುನ್ನ ಹೊಲದಲ್ಲಿ ಕುರಿ ತರುಬುವ ಕಾಲವೂ ಇದೇ ಆಗಿರುವುದರಿಂದ, ಮುಂಗಾರಿನ ಮೊದಲ ಮಳೆಗೆ ಬೀಜವು ಸರಿಯಾದ ಜಾಗದಲ್ಲಿ ಸಿದ್ಧವಾಗಿರುತ್ತದೆ.

ಹಾಗೆಂದು ಕುರಿ ತರುಬುವುದನ್ನು ಬಿಡಬೇಕಿಲ್ಲ. ಎರೆಭೂಮಿಗೆ ಇಷ್ಟು ಸುಲಭವಾಗಿ ದೊರೆಯುವ ಗೊಬ್ಬರ ಬೇರೊಂದಿಲ್ಲ. ಹಿಂಡು ಹಿಂದಿನ ಒಂದು ವಾರ ಎಲ್ಲಿ ಮೇಯ್ದಿದೆ ಎಂದು ಕುರಿಗಾರರನ್ನು ವಿಚಾರಿಸಿರಿ. ಜಾಲಿ ಕಾಯಿ ತಿಂದಿದ್ದರೆ ಕೆಲವು ದಿನ ಬೇರೆ ಮೇವಿನಲ್ಲಿರಿಸಿ, ನಂತರ ಹೊಲಕ್ಕೆ ಬಿಡುವುದು ಉತ್ತಮ. ಊರೂರು ಅಲೆಯುವ ಹಿಂಡುಗಳು ಅಷ್ಟು ದಿನ ಕಾಯಲಾರವು ಎಂಬುದೂ ನಿಜವೇ. ಅಂಥ ಹೊಲವನ್ನು ಗುರುತಿಟ್ಟುಕೊಂಡು, ಹರಗುವಾಗ ಮತ್ತು ಎಡೆ ಹೊಡೆಯುವಾಗ ಸಸಿಗಳನ್ನು ಬೇರು ಸಮೇತ ಕೀಳಿಸಿರಿ. ಕೊಟ್ಟಿಗೆಯ ಸಗಣಿಯನ್ನು ಹಸಿಯಾಗಿ ಹೊಲಕ್ಕೆ ಹಾಕದೆ ತಿಪ್ಪೆಯಲ್ಲಿ ಚೆನ್ನಾಗಿ ಕಾವೇರಿ ಕಳಿಯಲು ಬಿಡಿರಿ. ನಡುವೆ ಒಮ್ಮೆಯಾದರೂ ಮಗುಚಿ ಹಾಕಿದರೆ ಅಂಚಿನ ಬೀಜಗಳಿಗೂ ಕಾವು ತಗಲುತ್ತದೆ.

ಕಾಯಿಯನ್ನು ಮೇವಾಗಿ ಬಳಸುವವರು ಒಣಗಿಸಿ, ಬೀಜ ಒಡೆಯುವಂತೆ ನುಣ್ಣಗೆ ಬೀಸಿಸಿ, ಬೇರೆ ಮೇವಿನೊಂದಿಗೆ ಮಿತವಾಗಿ ಕೊಡಬೇಕು. ಬದುವಿನಲ್ಲಿ ಈಗಾಗಲೇ ಬೆಳೆದ ಜಾಲಿಯನ್ನು ಕಾಯಿ ಬಲಿಯುವ ಮೊದಲೇ ತೆಗೆಸಿರಿ. ನೆಲದ ಮಟ್ಟಕ್ಕೆ ಕಡಿದರೆ ಅದು ಮತ್ತಷ್ಟು ದಟ್ಟವಾಗಿ ಚಿಗುರುತ್ತದೆ. ಚಿಗುರುವ ಭಾಗವು ಮಣ್ಣಿನೊಳಗಿರುವುದರಿಂದ ಸುಮಾರು ಒಂದು ಅಡಿ ಅಗೆದು ಬೊಡ್ಡೆಸಹಿತ ಕಿತ್ತು ಹಾಕಬೇಕು.