ಏಡಿ ನೀಹಾರಿಕೆಯ ಗಂಟುಗಳು

ವೃಷಭ ರಾಶಿಯನ್ನು ನೀವು ಬಲ್ಲಿರಿ. ಆ ಗೂಳಿಯ ಒಂದು ಕೊಂಬಿನ ತುದಿಯ ಬಳಿ, ಕ್ರಿ. ಶ. 1054ನೆಯ ಜುಲೈ 4ರಂದು, ಹಿಂದೆ ಯಾರೂ ಕಾಣದಿದ್ದ ತಾರೆಯೊಂದು ಬೆಳಗಿತು. ಚೀನದ ಸುಂಗ್ ಅರಸರ ಜ್ಯೋತಿಷಿಗಳು ಅದನ್ನು ‘ಅತಿಥಿ ತಾರೆ’ಯೆಂದು ಕರೆದು, ಬಂದ ದಿನವನ್ನು ಬರೆದಿಟ್ಟರು. ಅದು 23 ದಿನ ಹಗಲಿನಲ್ಲಿಯೂ ಕಾಣಿಸಿತು. 1056ರ ಏಪ್ರಿಲ್ ವೇಳೆಗೆ ಇರುಳಿನಲ್ಲಿಯೂ ಮರೆಯಾಯಿತು.

ಅದೇ ಎಡೆಯಲ್ಲಿ 1731ರಲ್ಲಿ ಇಂಗ್ಲೆಂಡಿನ ಜಾನ್ ಬೆವಿಸ್ ಎಂಬ ವೈದ್ಯ ದೂರದರ್ಶಕದಲ್ಲಿ ಮಬ್ಬಾದ ಬೆಳಕೊಂದನ್ನು ಕಂಡ. 1844ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ಅದರ ಚಿತ್ರ ಬರೆದ. ಸುತ್ತಲೂ ಕಾಲು ಚಾಚಿದ ಏಡಿಯಂತೆ ಕಂಡುದರಿಂದ ‘ಏಡಿ ನೀಹಾರಿಕೆ’ಯೆಂಬ ಹೆಸರು ನಿಂತಿತು. ಆ ಚಿತ್ರ ಪೂರ್ತಿ ಸರಿಯಲ್ಲದಿದ್ದರೂ ಎಳೆಗಳಿದ್ದುದು ನಿಜ. ಹೊಳೆಯುವ ಅನಿಲದ ಎಳೆಗಳವು. ಒಂದೆಡೆ ನೂಲಿನಂತೆ ತೆಳು, ಇನ್ನೊಂದೆಡೆ ಗಂಟುಗಂಟು.

ಈ ಗಂಟುಗಳೇ ಮುಂದೆ ಉಪಕಾರಕ್ಕೆ ಬಂದುವು. ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ 1909ರಲ್ಲಿಯೂ 1921ರಲ್ಲಿಯೂ ತೆಗೆದ ಛಾಯಾಚಿತ್ರಗಳನ್ನು ಡಂಕನ್ ಹೋಲಿಸಿ ನೋಡಿದಾಗ, ಗಂಟುಗಳು ನಡುವಿನಿಂದ ಹೊರಕ್ಕೆ ಸರಿದಿದ್ದುವು. ನುಣುಪಾದ ಮೋಡವಾಗಿದ್ದರೆ ಗುರುತು ಹಿಡಿದು ಅಳೆಯುವುದೆಂತು? ಈ ವೇಗದಲ್ಲಿ ಇಷ್ಟು ಹರಡಲು ಸುಮಾರು 900 ವರ್ಷ ಬೇಕೆಂದು 1928ರಲ್ಲಿ ಹಬ್ಬಲ್ ಹೇಳಿ, ಅತಿಥಿ ತಾರೆಯತ್ತ ಬೊಟ್ಟುಮಾಡಿದ. 1942ರಲ್ಲಿ ಚೀನೀ ಭಾಷಾಪಂಡಿತ ಡೈವೆಂಡಾಕ್, ಖಗೋಳಜ್ಞರಾದ ಊರ್ಟ್ ಮತ್ತು ಮೇಯಲ್ ಕೂಡಿ ಆ ಮಾತನ್ನು ಸ್ಥಿರಪಡಿಸಿದರು. ಅಲ್ಲಿಂದ ಬೆಳಕು ನಮ್ಮನ್ನು ಮುಟ್ಟಲು ಸುಮಾರು 6,500 ವರ್ಷ ಬೇಕು. ಇಲ್ಲಿ ಹೇಳುವ ಕಾಲವೆಲ್ಲ ಭೂಮಿಯಿಂದ ಕಂಡ ಕಾಲವೆಂದು ತಿಳಿಯಬೇಕು.

ಆದರೆ ಲೆಕ್ಕದಲ್ಲಿ ಒಂದು ತೊಡಕು ಉಳಿದಿತ್ತು. 1968ರಲ್ಲಿ ವರ್ಜೀನಿಯಾ ಟ್ರಿಂಬಲ್ ಎಂಬಾಕೆ ಗಂಟುಗಳ ಚಲನೆಯನ್ನು ಇನ್ನೂ ನಿಖರವಾಗಿ ಅಳೆದು ಹಿಂದಕ್ಕೆ ಎಣಿಸಿದಾಗ, ಅವೆಲ್ಲ ಒಂದೆಡೆ ಕೂಡಿದ ವರ್ಷ 1054 ಆಗಲಿಲ್ಲ, ಸುಮಾರು 1140 ಆಯಿತು! ಹಾಗಾದರೆ ತಪ್ಪಿದವರು ಚೀನದ ಬರಹಗಾರರೆ? ಅಲ್ಲ. ಗಂಟುಗಳು ಮೊದಲು ನಿಧಾನವಾಗಿ ಹೊರಟು ಬರಬರುತ್ತ ವೇಗವನ್ನು ಪಡೆದಿವೆಯೆಂಬುದೇ ಇದರ ಅರ್ಥ. ತಳ್ಳುವವರು ಯಾರು? ಅದೇ 1968ರಲ್ಲಿ ನೀಹಾರಿಕೆಯ ನಡುವೆ ಸೆಕೆಂಡಿಗೆ ಸುಮಾರು 30 ಸಲ ತಿರುಗುವ ಪುಟ್ಟ ನಕ್ಷತ್ರವೊಂದು ಸಿಕ್ಕಿತು. ಸ್ಫೋಟದಲ್ಲಿ ಉಳಿದ ತಿರುಳು ಅದು. ಅದರ ಶಕ್ತಿಯೇ ಅನಿಲವನ್ನು ಹೊರಕ್ಕೆ ತಳ್ಳುತ್ತಿದೆ.

ಗಂಟುಗಳು ಮೂಡಿದ್ದೂ ಈ ತಳ್ಳಾಟದಿಂದಲೇ ಎಂದು, ಅಂತರಿಕ್ಷದ ಹಬ್ಬಲ್ ದೂರದರ್ಶಕದ ಚಿತ್ರಗಳನ್ನು ಪರಿಶೀಲಿಸಿದ ವಿಜ್ಞಾನಿಗಳು 1996ರಲ್ಲಿ ವಿವರಿಸಿದರು. ಬಟ್ಟಲಿನ ಎಣ್ಣೆಯ ಮೇಲೆ ನೀರು ಸುರಿದು ನೋಡಿ: ನೀರು ಸಮನಾದ ಪದರವಾಗಿ ಇಳಿಯದು, ಬೆರಳು ಬೆರಳಾಗಿ ಇಳಿಯುತ್ತದೆ. ಹಗುರವಾದುದು ಭಾರವಾದುದನ್ನು ತಳ್ಳುವಾಗ ನಡುವಣ ಎಲ್ಲೆ ಹೀಗೆಯೇ ಒಡೆಯುತ್ತದೆ. ದಟ್ಟವಾದ ಅನಿಲ ಹಿಂದೆ ಬಿದ್ದು ಎಳೆಯಾಗುತ್ತದೆ, ಗಂಟಾಗುತ್ತದೆ.

ಗಂಟುಗಳಿಲ್ಲದಿದ್ದರೆ ನೀಹಾರಿಕೆಯ ವಯಸ್ಸನ್ನು ಅಳೆಯಲಾಗುತ್ತಿರಲಿಲ್ಲ. ಚೀನದ ಆ ಒಂದು ತಾರೀಖು ಇಲ್ಲದಿದ್ದರೆ 1140 ಎಂಬ ತಪ್ಪು ಲೆಕ್ಕವನ್ನೇ ನಾವು ನಿಜವೆಂದು ನಂಬುತ್ತಿದ್ದೆವೋ ಏನೋ. ಕಂಡುದನ್ನು ಕಂಡ ದಿನವೇ ಬರೆದಿಟ್ಟವರ ಉಪಕಾರ ದೊಡ್ಡದು.