ಗುತ್ತಿಗೆದಾರನ ಹಿಂದೆ ನಿಂತವರು: ದಕ್ಷಿಣ ಬೆಂಗಳೂರಿನ ಕಸದ ದುಡಿಮೆ ಮತ್ತು ಪ್ರಧಾನ ಮಾಲೀಕನ ಹೊಣೆ

ಜಯನಗರದ ಅಡ್ಡರಸ್ತೆಗಳಲ್ಲಿ ಬೆಳಗಿನ ಏಳರ ಹೊತ್ತಿಗೆ ಎರಡು ಕೆಲಸ ಒಟ್ಟೊಟ್ಟಿಗೆ ನಡೆಯುತ್ತವೆ. ಉದ್ದ ಕೋಲಿನ ಪೊರಕೆ ಹಿಡಿದ ಹೆಂಗಸು ಒಣ ಎಲೆ, ಗುಟ್ಕಾ ಚೀಟಿ, ಹಿಂದಿನ ಸಂಜೆಯ ಹೂವಿನ ಚೂರುಗಳನ್ನು ಗುಡ್ಡೆ ಮಾಡುತ್ತಾಳೆ. ಅಷ್ಟರಲ್ಲಿ ಹಾಡು ಹಾಕಿಕೊಂಡು ಆಟೊ ಟಿಪ್ಪರ್ ಬರುತ್ತದೆ. ಹಿಂಬದಿಯಲ್ಲಿ ನಿಂತ ಸಹಾಯಕ ಮನೆಮನೆಯ ಬಕೆಟ್ ಈಸಿಕೊಂಡು, ಹಸಿ ಕಸದೊಳಗೆ ಯಾರೋ ತುರುಕಿದ ಡಯಾಪರನ್ನು ಬರಿಗೈಯಲ್ಲೇ ಎತ್ತಿ ಪಕ್ಕದ ಚೀಲಕ್ಕೆ ಹಾಕುತ್ತಾನೆ. ಬೀದಿ ಒಂದೇ, ಕಸ ಒಂದೇ. ಆದರೆ ಆಕೆ ಇಂದು ಪಾಲಿಕೆಯ ಕಾಯಂ ನೌಕರಳಾಗಿರುವ ಸಾಧ್ಯತೆ ಹೆಚ್ಚು. ಆತ ಇನ್ನೂ ಗುತ್ತಿಗೆದಾರನ ಆಳು. ಆಕೆಯ ಸಂಬಳ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ. ಆತನ ಸಂಬಳ ಬರಬೇಕಾದರೆ ಮೊದಲು ಗುತ್ತಿಗೆದಾರನ ಬಿಲ್ ಪಾಸಾಗಬೇಕು.

ಕೆಲಸ ಯಾರಿಗಾಗಿ ನಡೆಯುತ್ತದೋ ಅವರನ್ನು ಕಾರ್ಮಿಕ ಕಾನೂನು ಪ್ರಧಾನ ಮಾಲೀಕ ಎನ್ನುತ್ತದೆ. ನಡುವೆ ಗುತ್ತಿಗೆದಾರನನ್ನು ನಿಲ್ಲಿಸಿದ ಮೇಲೆ ಆ ಮಾಲೀಕನ ಹೊಣೆ ಎಷ್ಟು ಉಳಿಯುತ್ತದೆ? ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್‌ಗಳ ಬೀದಿಗಳು ಕೊಡುವ ಉತ್ತರ ಸರಳವಾಗಿಲ್ಲ. ಹೊಣೆ ಕಾನೂನಿನ ಪುಸ್ತಕದಲ್ಲಿ ನೂರು ವರ್ಷದಿಂದ ಇದೆ. ಅದು ಕಾರ್ಮಿಕರ ಕೈಗೆ ಬಂದದ್ದು ಮಾತ್ರ ಹಾಜರಿ ಪುಸ್ತಕ ಮತ್ತು ವೇತನದ ಹಾದಿ ಗುತ್ತಿಗೆದಾರನಿಂದ ತಪ್ಪಿದ ಮೇಲೆ.

ಈ ಪ್ರಶ್ನೆ ಅತ್ಯಂತ ಬೆತ್ತಲಾಗಿ ಕಾಣುವುದು ಬೀದಿಯಲ್ಲಲ್ಲ, ಸಮುದ್ರದಲ್ಲಿ. ವಿಹಾರ ನೌಕೆಯೊಂದರ ಅಂಗಡಿ, ಸ್ಪಾ, ಫೋಟೊ ಮಳಿಗೆ ಬೇರೆ ಬೇರೆ ಕಂಪನಿಗಳ ಕೈಯಲ್ಲಿರಬಹುದು. ಮಾಣಿಯನ್ನು ನೇಮಿಸಿದ್ದು ಮುಂಬೈಯ ಏಜೆನ್ಸಿ, ಹಡಗಿನ ಧ್ವಜ ಬಹಾಮಾಸ್ ಇಲ್ಲವೇ ಪನಾಮದ್ದು, ಕಂಪನಿಯ ಕಚೇರಿ ಮಯಾಮಿಯಲ್ಲಿ. 2003ರ ಮೇ 25ರಂದು ಮಯಾಮಿ ಬಂದರಿನಲ್ಲಿ ‘ನಾರ್ವೆ’ ಎಂಬ ಹಡಗಿನ ಬಾಯ್ಲರ್ ಸಿಡಿದು ಎಂಟು ಮಂದಿ ಸಿಬ್ಬಂದಿ ಸತ್ತರು. ಪರಿಹಾರ ಕೇಳಿ ಬಂದ ಫಿಲಿಪ್ಪೀನ್ಸಿನ ನಾವಿಕರು ಮತ್ತು ಸತ್ತವರ ಮನೆಯವರಿಗೆ 2005ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಕೆಲಸದ ಕರಾರಿನಲ್ಲಿ ಇರುವಂತೆ ನಿಮ್ಮ ದೇಶದಲ್ಲೇ ಮಧ್ಯಸ್ಥಿಕೆಗೆ ಹೋಗಿ ಎಂದಿತು. ಸಾವು ನಡೆದ ಊರಿನಲ್ಲಿ ವಿಚಾರಣೆ ನಡೆಯಲಿಲ್ಲ.

ಇಂಥ ನುಣುಚಿಕೆಗೆ ಕಡಿವಾಣ ಹಾಕಲೆಂದೇ 2006ರ ಕಡಲ ಕಾರ್ಮಿಕ ಒಡಂಬಡಿಕೆ ರೂಪುಗೊಂಡಿತು. ಅದು 2013ರ ಆಗಸ್ಟ್ 20ರಂದು ಜಾರಿಗೆ ಬಂತು. ಭಾರತ 2015ರ ಅಕ್ಟೋಬರಿನಲ್ಲಿ ಅನುಮೋದಿಸಿತು. ಅದರ ಪ್ರಕಾರ ಹಡಗಿನಲ್ಲಿ ಯಾವ ಹುದ್ದೆಯಲ್ಲಿ, ಯಾರ ಮೂಲಕ ದುಡಿದರೂ ಅವರು ನಾವಿಕರೇ. ಕೆಲವು ಕರ್ತವ್ಯಗಳನ್ನು ಬೇರೆಯವರು ನೆರವೇರಿಸುತ್ತಿದ್ದರೂ ಹೊಣೆ ಹಡಗಿನ ಮಾಲೀಕನದೇ. ನಾವಿಕರನ್ನು ನಡುದಾರಿಯಲ್ಲಿ ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಬಾಕಿ ವೇತನಕ್ಕೆ ಹಣಕಾಸಿನ ಭದ್ರತೆ ಮೊದಲೇ ಇರಬೇಕು ಎಂಬ ತಿದ್ದುಪಡಿ 2017ರ ಜನವರಿಯಿಂದ ಜಾರಿಯಲ್ಲಿದೆ. ಇದರಿಂದ ಎಲ್ಲವೂ ಸರಿಹೋಯಿತೆಂದೇನಲ್ಲ. 2020ರ ಫೆಬ್ರವರಿಯಲ್ಲಿ ಯೊಕೊಹಾಮಾದಲ್ಲಿ ತಡೆದು ನಿಲ್ಲಿಸಿದ್ದ ‘ಡೈಮಂಡ್ ಪ್ರಿನ್ಸೆಸ್’ನಲ್ಲಿ 138 ಭಾರತೀಯರಿದ್ದರು, ಅವರಲ್ಲಿ 132 ಮಂದಿ ಸಿಬ್ಬಂದಿ. ಪ್ರಯಾಣಿಕರು ಕೋಣೆಯೊಳಗೆ ಪ್ರತ್ಯೇಕವಾಗಿದ್ದಾಗ ಅವರ ಬಾಗಿಲಿಗೆ ಊಟದ ತಟ್ಟೆ ಒಯ್ಯುತ್ತಿದ್ದವರು ಸಿಬ್ಬಂದಿ. ಆದರೂ ‘ನಮಗೆ ಸಂಬಂಧವಿಲ್ಲ, ಏಜೆಂಟನ್ನು ಕೇಳಿ’ ಎನ್ನುವ ದಾರಿಯನ್ನು ಒಡಂಬಡಿಕೆ ಕಾಗದದ ಮೇಲಾದರೂ ಮುಚ್ಚಿದೆ.

ನೆಲದ ಮೇಲಿನ ಭಾರತದ ಕಾನೂನು ಇದಕ್ಕಿಂತ ಹಳೆಯದು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಗುತ್ತಿಗೆದಾರನ ಆಳಿಗೆ ಅಪಘಾತವಾದರೆ ಪರಿಹಾರ ಕೊಡಬೇಕಿದ್ದವನು ಕೆಲಸ ಕೊಟ್ಟ ಮೂಲ ಮಾಲೀಕ. ಅದೇ ಕಾಯ್ದೆಯ 15ನೇ ಕಲಮು ಹಡಗಿನ ನಾವಿಕರಿಗೆ ಮೀಸಲಾಗಿತ್ತು. ಕಡಲೂ ಗುತ್ತಿಗೆಯೂ ಒಂದೇ ಕಾಯ್ದೆಯಲ್ಲಿ ಮೂರು ಕಲಮುಗಳ ಅಂತರದಲ್ಲಿದ್ದವು. 1948ರ ಇಎಸ್‌ಐ ಕಾಯ್ದೆ ಗುತ್ತಿಗೆ ಕಾರ್ಮಿಕರ ವಂತಿಗೆಯನ್ನೂ ಮೊದಲು ಪ್ರಧಾನ ಮಾಲೀಕನೇ ಕಟ್ಟಲಿ, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎನ್ನುತ್ತಿತ್ತು. ಭವಿಷ್ಯನಿಧಿ ಯೋಜನೆಯ ಮಾತೂ ಅದೇ ಆಗಿತ್ತು. 1970ರ ಗುತ್ತಿಗೆ ಕಾರ್ಮಿಕ (ನಿಯಂತ್ರಣ ಮತ್ತು ರದ್ದತಿ) ಕಾಯ್ದೆಯ 21(4)ನೇ ಉಪಕಲಮಿನಲ್ಲಿ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಪ್ರಧಾನ ಮಾಲೀಕ ಕೊಡಬೇಕಿತ್ತು; 20ನೇ ಕಲಮಿನಲ್ಲಿ ವಿಶ್ರಾಂತಿ ಕೋಣೆ, ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆಯನ್ನೂ ಗುತ್ತಿಗೆದಾರ ಒದಗಿಸದಿದ್ದರೆ ಅವನೇ ಒದಗಿಸಬೇಕಿತ್ತು. ಕಾನೂನಿಗೆ ಬರ ಇರಲಿಲ್ಲ.

ಹಾಗಿದ್ದೂ ಬೆಂಗಳೂರಿನಲ್ಲಿ ನಡೆದದ್ದೇನು?

ಬಿ. ಬಸವಲಿಂಗಪ್ಪನವರು ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ದಶಕದಲ್ಲೇ ಐ.ಪಿ.ಡಿ. ಸಾಲಪ್ಪ ವರದಿಯೂ ಬಂತು. 1976ರ ಆ ವರದಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರಿರಲಿ ಎಂದಿತ್ತು. ಊರು ಬೆಳೆದಷ್ಟು ಹುದ್ದೆ ಬೆಳೆಯಲಿಲ್ಲ. ಕಾಯಂ ನೇಮಕ ನಿಂತ ಜಾಗಕ್ಕೆ ಗುತ್ತಿಗೆ ಬಂತು. ಬಡಾವಣೆಗಳು ಒಂದೊಂದಾಗಿ ಟೆಂಡರಿಗೆ ಹೋದವು. ಬಹುತೇಕ ದಲಿತ ಹೆಣ್ಣುಮಕ್ಕಳೇ ಇದ್ದ ಪೌರಕಾರ್ಮಿಕರು ಮೇಸ್ತ್ರಿಯ ನೋಟುಬುಕ್ಕಿನ ಹೆಸರುಗಳಾದರು. ಗುತ್ತಿಗೆದಾರ ಬದಲಾದಾಗ ಭವಿಷ್ಯನಿಧಿಯ ಖಾತೆಯೂ ಬದಲಾಗುತ್ತಿತ್ತು. ಸಂಬಳದಲ್ಲಿ ಮುರಿದುಕೊಂಡ ಹಣ ಎಲ್ಲಿ ಹೋಯಿತೆಂದು ಕೇಳಿದರೆ ಹಳಬ ಹೊಸಬನ ಕಡೆ, ಹೊಸಬ ಹಳಬನ ಕಡೆ ಕೈ ತೋರಿಸುತ್ತಿದ್ದರೆಂಬುದು ಕಾರ್ಮಿಕ ಸಂಘಗಳು ವರ್ಷಗಟ್ಟಲೆ ಮಾಡಿದ ದೂರು. ವೇತನ ಚೀಟಿ ಎಂಬುದನ್ನೇ ಕಾಣದವರು ಬಹಳ. ಪಾಲಿಕೆ ಗುತ್ತಿಗೆದಾರನ ಬಿಲ್ ನೋಡುತ್ತಿತ್ತು, ಕಾರ್ಮಿಕರ ಮುಖ ನೋಡುತ್ತಿರಲಿಲ್ಲ.

2017ರಲ್ಲಿ ಮುಷ್ಕರ, ಧರಣಿಗಳ ನಡುವೆ ಬೀದಿ ಗುಡಿಸುವವರ ಮಟ್ಟಿಗೆ ಗುತ್ತಿಗೆ ಪದ್ಧತಿ ಕೈಬಿಡಲು ಸರ್ಕಾರ ಒಪ್ಪಿತು. ನೇರ ವೇತನ ಬಂತು, ಅದರ ಜೊತೆಗೆ ಬಯೋಮೆಟ್ರಿಕ್ ಹಾಜರಿಯೂ ಬಂತು. ಆಗ ಗುತ್ತಿಗೆದಾರರ ಪಟ್ಟಿಯಲ್ಲಿದ್ದ ಹೆಸರುಗಳಿಗೂ ಬೀದಿಯಲ್ಲಿ ನಿಂತಿದ್ದ ಮನುಷ್ಯರಿಗೂ ತಾಳೆಯಾಗಲಿಲ್ಲ. ಇಲ್ಲದವರ ಹೆಸರಿನಲ್ಲಿ ಹಣ ಹೋಗುತ್ತಿತ್ತು; ಅದನ್ನು ಸೋಸುವ ಗಡಿಬಿಡಿಯಲ್ಲಿ ನಿಜವಾಗಿ ಗುಡಿಸುತ್ತಿದ್ದವರ ವೇತನವೂ ತಿಂಗಳುಗಟ್ಟಲೆ ನಿಂತಿತು. 2018ರ ಜುಲೈನಲ್ಲಿ ಹೀಗೆ ವೇತನ ಸಿಗದೆ ಪೌರಕಾರ್ಮಿಕರೊಬ್ಬರು ಆತ್ಮಹತ್ಯೆ ಮಾಡಿಕೊಂಡಾಗ ನಗರ ಬೆಚ್ಚಿತು. 21(4)ನೇ ಉಪಕಲಮು ಆಗ ನಲವತ್ತೇಳು ವರ್ಷ ಹಳೆಯದಾಗಿತ್ತು.

ಈ ಪ್ರಸಂಗದಲ್ಲಿ ಸಂಶೋಧಕರಿಗೆ ಒಂದು ಮುಖ್ಯ ಸಂಗತಿ ಇದೆ. ಹಾಜರಿ ಯಾರ ಕೈಯಲ್ಲಿದೆಯೋ ಕಾರ್ಮಿಕರ ಅಸ್ತಿತ್ವಕ್ಕೆ ಸಾಕ್ಷಿ ಅವರ ಕೈಯಲ್ಲಿರುತ್ತದೆ. ಪ್ರಧಾನ ಮಾಲೀಕನಿಂದ ಸಂಬಳ ಕೇಳಬೇಕಾದರೆ ತಾನು ಇಷ್ಟು ದಿನ ಇಂಥ ವಾರ್ಡಿನಲ್ಲಿ ದುಡಿದೆ ಎಂದು ಮೊದಲು ತೋರಿಸಬೇಕು. ಆ ದಾಖಲೆ ಇರುವುದು ಸಂಬಳ ಕೊಡದ ಗುತ್ತಿಗೆದಾರನ ಹತ್ತಿರ. 1970ರ ಕಾಯ್ದೆ ಹೊಣೆಯನ್ನು ಬರೆಯಿತು, ಹಾಜರಿ ಪುಸ್ತಕವನ್ನು ಮಾತ್ರ ಗುತ್ತಿಗೆದಾರನ ಕೈಯಲ್ಲೇ ಬಿಟ್ಟಿತು. ಮಸ್ಟರಿಂಗ್ ಕೇಂದ್ರದಲ್ಲಿ ಮುಖ ತೋರಿಸಿ ಹಾಜರಿ ಹಾಕುವ ಯಂತ್ರದ ಬಗ್ಗೆ ಕಾರ್ಮಿಕರಿಗೆ ತಕರಾರುಗಳಿವೆ, ನ್ಯಾಯವಾದ ತಕರಾರುಗಳೇ. ಆದರೂ ಪಾಲಿಕೆ ತನ್ನ ಕಾರ್ಮಿಕರನ್ನು ಎಣಿಸಲು ಕಲಿತದ್ದು ಆ ಯಂತ್ರದಿಂದ.

ನೇರ ವೇತನವೆಂದರೆ ಕಾಯಂ ಕೆಲಸವಲ್ಲ ಎಂಬುದು ಬೇಗನೆ ತಿಳಿಯಿತು. 2022ರ ಜುಲೈ ಮೊದಲ ವಾರ ಪೊರಕೆ ಕೆಳಗಿಟ್ಟು ಸಾವಿರಾರು ಜನ ಬೀದಿಗಿಳಿದರು. ಆ ಸೆಪ್ಟೆಂಬರಿನಲ್ಲಿ 11,133 ಪೌರಕಾರ್ಮಿಕರ ಸೇವೆ ಕಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. 2025ರ ಮೇ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ನೇಮಕಾತಿ ಆದೇಶ ನೀಡುವ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು.

ಇಷ್ಟೂ ಬಂದದ್ದು ಬೀದಿಯಿಂದ. ನ್ಯಾಯಾಲಯದ ದಾರಿ ಅಂಕುಡೊಂಕಾಗಿತ್ತು. ಕಟ್ಟಡ ಗುಡಿಸುವವರ ವಿಷಯದಲ್ಲೇ ಹುಟ್ಟಿದ 1996ರ ಏರ್ ಇಂಡಿಯಾ ತೀರ್ಪು, ಗುತ್ತಿಗೆ ನಿಷೇಧವಾದರೆ ಕಾರ್ಮಿಕರು ತಾನಾಗಿ ಪ್ರಧಾನ ಮಾಲೀಕನ ನೌಕರರಾಗುತ್ತಾರೆ ಎಂದಿತ್ತು. 2001ರ ಆಗಸ್ಟ್ 30ರಂದು ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. 2006ರ ಏಪ್ರಿಲಿನಲ್ಲಿ ಬಂದ ಉಮಾದೇವಿ ತೀರ್ಪು ಕರ್ನಾಟಕದ್ದೇ ಪ್ರಕರಣ. ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡಬಾರದೆಂಬ ಅದರ ಮಾತನ್ನು ಇಲಾಖೆಗಳು ಇಂದಿಗೂ ಗುರಾಣಿಯಂತೆ ಹಿಡಿಯುತ್ತವೆ. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದಶಕಗಟ್ಟಲೆ ಅಗತ್ಯದ ಕೆಲಸ ಮಾಡಿಸಿಕೊಂಡು ಉಮಾದೇವಿಯ ಹೆಸರು ಹೇಳಿ ಕಾರ್ಮಿಕರನ್ನು ಹೊರಹಾಕುವುದು ತಪ್ಪೆಂದಿತು. ಆ ಪ್ರಕರಣದ ಅರ್ಜಿದಾರರಲ್ಲೂ ಕಸ ಗುಡಿಸುವವರಿದ್ದರು.

ಹಾಗಾದರೆ ಟಿಪ್ಪರ್ ಹಿಂದೆ ನಿಂತ ಸಹಾಯಕ? 2017ರ ನಿರ್ಧಾರ ಚಾಲಕರನ್ನೂ ಸಹಾಯಕರನ್ನೂ ಲೋಡರುಗಳನ್ನೂ ಹೊರಗಿಟ್ಟಿತು. ಗಾಡಿ ಗುತ್ತಿಗೆದಾರನದು, ಆದ್ದರಿಂದ ಗಾಡಿಯ ಮೇಲಿನ ಮನುಷ್ಯನೂ ಅವನವನೇ ಎಂಬುದು ಇದರ ಹಿಂದಿನ ತರ್ಕ. ವಾಹನವನ್ನು ಬಾಡಿಗೆಗೆ ಪಡೆಯುವುದಕ್ಕೂ ದುಡಿಮೆಯನ್ನು ಬಾಡಿಗೆಗೆ ಪಡೆಯುವುದಕ್ಕೂ ಟೆಂಡರ್ ವ್ಯತ್ಯಾಸ ಮಾಡಲಿಲ್ಲ. ಈ ನಡುವೆ ಸರಪಳಿಗೆ ಹೊಸ ಕೊಂಡಿ ಸೇರಿದೆ. 2021ರಲ್ಲಿ ಹುಟ್ಟಿದ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಕಸದ ಕೆಲಸವನ್ನು ಕಂಪನಿಯ ರೂಪಕ್ಕೆ ತಂದಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಒಡೆದು ಐದು ನಗರ ಪಾಲಿಕೆಗಳಾದವು. ಜಯನಗರ ಈಗ ಬೆಂಗಳೂರು ದಕ್ಷಿಣ ನಗರ ಪಾಲಿಕೆಯಲ್ಲಿದೆ. ಸಹಾಯಕನ ಮೇಲೆ ಗುತ್ತಿಗೆದಾರ, ಗುತ್ತಿಗೆದಾರನ ಮೇಲೆ ಕಂಪನಿ, ಅದರಾಚೆ ಪಾಲಿಕೆ, ಎಲ್ಲಕ್ಕೂ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಬನಶಂಕರಿಯಲ್ಲಿ ಟಿಪ್ಪರ್ ಬಾಗಿಲು ತಗುಲಿ ಸಹಾಯಕನ ಕೈಬೆರಳು ಜಜ್ಜಿದರೆ ಆತ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು?

ಹಣ ಕೊಡುವವರಿಗೆ ಮಾತ್ರ ಈ ಗೊಂದಲವಿಲ್ಲ. 2025ರ ಏಪ್ರಿಲ್‌ನಿಂದ ಮನೆಗಳ ಮೇಲೆ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ ಕಸದ ಬಳಕೆದಾರರ ಶುಲ್ಕವನ್ನು ಆಸ್ತಿ ತೆರಿಗೆಯ ಜೊತೆಗೇ ವಸೂಲು ಮಾಡಲಾಗುತ್ತಿದೆ. ಜೆ.ಪಿ. ನಗರದ ಮನೆ ಕಟ್ಟಿದ ಶುಲ್ಕಕ್ಕೆ ರಸೀದಿ ಇದೆ. ಆ ಮನೆಯ ಕಸ ಎತ್ತಿದವನಿಗೆ ವೇತನ ಚೀಟಿ ಇದೆಯೇ ಎಂದು ಕೇಳುವ ಕಲಮು ಶುಲ್ಕದ ಆದೇಶದಲ್ಲಿಲ್ಲ. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಬೀದಿಯಲ್ಲಿ ಕಸ ಎಸೆದವರ ಮನೆ ಮುಂದೆ ಕಸ ಸುರಿದು ಪಾಠ ಕಲಿಸುವ ‘ಹಬ್ಬ’ವೊಂದು ನಡೆಯಿತು, ಟಿವಿಗಳು ಮುಗಿಬಿದ್ದು ತೋರಿಸಿದವು. ಪಾಠ ಕಲಿಸಲೂ ಕಸವನ್ನು ಮತ್ತೊಮ್ಮೆ ಯಾರೋ ಎತ್ತಿ ಸುರಿಯಬೇಕಲ್ಲ ಎಂಬುದು ಚರ್ಚೆಗೆ ಬರಲಿಲ್ಲ.

ಗುತ್ತಿಗೆಯ ಈ ಸರಪಳಿ ಕಸದ ಕೆಲಸಕ್ಕಷ್ಟೇ ಸೀಮಿತವಲ್ಲ. ಜಯನಗರದ ಕನಕನಪಾಳ್ಯದಲ್ಲಿ 2017ರ ಆಗಸ್ಟ್ 16ರಂದು ಮೊದಲ ಇಂದಿರಾ ಕ್ಯಾಂಟೀನ್ ತೆರೆಯಿತು. ಅಲ್ಲಿನ ಇಡ್ಲಿ ಪೌರಕಾರ್ಮಿಕರ ಹೊಟ್ಟೆ ತುಂಬಿಸಿದೆ. ಅಡುಗೆ ಪೂರೈಕೆ ಅಲ್ಲೂ ಗುತ್ತಿಗೆಯದೇ, ಬಡಿಸುವವರೂ ಗುತ್ತಿಗೆದಾರನ ಕೆಲಸದವರೇ. ಖಾಸಗಿ ಕ್ಷೇತ್ರದ ಕಥೆ ಹೆಚ್ಚು ಭಿನ್ನವಲ್ಲ: 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ತಕರಾರು ಗಲಭೆಯಾದಾಗ, ಅಲ್ಲಿನ ಬಹುತೇಕರು ಏಜೆನ್ಸಿಗಳ ಮೂಲಕ ಬಂದವರೆಂಬುದು ಹೊರಬಿತ್ತು. ವಾರದೊಳಗೆ, ಅಲ್ಲಿ ಕೆಲಸ ಮಾಡಿಸುತ್ತಿದ್ದ ಆಪಲ್ ಕಂಪನಿ ವಿಸ್ಟ್ರಾನನ್ನು ಪರೀಕ್ಷಾವಧಿಗೆ ಹಾಕಿ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು. ಸರಪಳಿಯ ತುದಿಯಲ್ಲಿ ಇರುವವರು ಮನಸ್ಸು ಮಾಡಿದರೆ ಎಷ್ಟು ಬೇಗ ಕೆಲಸವಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಬಿಟಿಎಂ ಲೇಔಟಿನ ಗಲ್ಲಿಗಳಲ್ಲಿ ಬೈಕ್ ನಿಲ್ಲಿಸಿಕೊಂಡು ಆರ್ಡರಿಗೆ ಕಾಯುವ ಹುಡುಗರ ವಿಷಯದಲ್ಲಿ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದು, ಪ್ರತಿ ವಹಿವಾಟಿನ ಪಾವತಿಯ ಮೇಲೆ ಕಲ್ಯಾಣ ಶುಲ್ಕವನ್ನು ನೇರವಾಗಿ ಆ್ಯಪ್ ಕಂಪನಿಗಳಿಂದಲೇ ಪಡೆಯುವ ದಾರಿ ಹಿಡಿಯಿತು. ಆ ಹುಡುಗರು ನೌಕರರೋ ಅಲ್ಲವೋ ಎಂಬ ಜಗಳವನ್ನು ಬದಿಗಿಟ್ಟು ಹಣದ ಜಾಡನ್ನೇ ಹಿಡಿದದ್ದು ಜಾಣತನ.

ಟಿಪ್ಪರ್ ಸಹಾಯಕನ ಮುಂದಿನ ದಿನಗಳು ಈಗ ಇನ್ನೊಂದು ಕಾನೂನಿನ ಮೇಲೆ ನಿಂತಿವೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1970ರ ಕಾಯ್ದೆಯ ಜಾಗವನ್ನು ಔದ್ಯೋಗಿಕ ಸುರಕ್ಷತಾ ಸಂಹಿತೆ ತುಂಬಿತು. ಕಾಯ್ದೆ ಇಪ್ಪತ್ತು ಕಾರ್ಮಿಕರಿದ್ದಲ್ಲಿ ಅನ್ವಯಿಸುತ್ತಿತ್ತು, ಸಂಹಿತೆಗೆ ಐವತ್ತು ಬೇಕು. ಸಂಸ್ಥೆಯ ಮೂಲ ಕೆಲಸದಲ್ಲಿ ಗುತ್ತಿಗೆ ಕಾರ್ಮಿಕರನ್ನು ಬಳಸಬಾರದೆಂದು 57ನೇ ಕಲಮು ಹೇಳುತ್ತದೆ. ಗುಡಿಸುವುದು, ಕಸ ಸಂಗ್ರಹ, ವಿಲೇವಾರಿ ಮೂಲ ಕೆಲಸವಲ್ಲ ಎಂಬ ವಿನಾಯಿತಿಯೂ ಇದೆ, ಆದರೆ ಆ ಸಂಸ್ಥೆ ಹುಟ್ಟಿದ್ದೇ ಆ ಕೆಲಸಕ್ಕಾಗಿ ಅಲ್ಲದಿದ್ದರೆ ಮಾತ್ರ. ಬ್ಯಾಂಕಿಗೋ ಐಟಿ ಕಂಪನಿಗೋ ಈ ವಿನಾಯಿತಿ ದಕ್ಕೀತು. ಬೀದಿ ಸ್ವಚ್ಛ ಮಾಡಿ ಕಸ ತೆಗೆಯುವುದು ಪಾಲಿಕೆಯ ಕಡ್ಡಾಯ ಕರ್ತವ್ಯವೆಂದು 1976ರ ಕರ್ನಾಟಕ ಪೌರನಿಗಮ ಕಾಯ್ದೆಯಿಂದಲೂ ಬರೆದಿದೆ. ಘನತ್ಯಾಜ್ಯ ಕಂಪನಿಗಂತೂ ಬೇರೆ ಕೆಲಸವೇ ಇಲ್ಲ. ಆ ಓದಿನ ಪ್ರಕಾರ ಇಬ್ಬರೂ ಸಿಕ್ಕಿಬೀಳುತ್ತಾರೆ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಸಂದು ಇದೆ: ಕೆಲಸವನ್ನು ಸಾಮಾನ್ಯವಾಗಿ ಗುತ್ತಿಗೆದಾರರ ಮೂಲಕವೇ ಮಾಡಿಸುವ ರೂಢಿ ಇದ್ದರೆ ಗುತ್ತಿಗೆ ಮುಂದುವರಿಯಬಹುದು. ದಶಕಗಟ್ಟಲೆ ಟೆಂಡರ್ ಕರೆದದ್ದೇ ಮುಂದಿನ ಟೆಂಡರಿಗೆ ಸಮರ್ಥನೆಯಾಗಬಲ್ಲದು. ಯಾವುದು ಮೂಲ ಕೆಲಸ ಎಂಬ ವಿವಾದ ಎದ್ದರೆ ಕಾರ್ಮಿಕರು ಅರ್ಜಿ ಹಾಕಬೇಕಾದದ್ದು ಸಂಬಂಧಪಟ್ಟ ಸರ್ಕಾರಕ್ಕೆ. ಪಾಲಿಕೆಯ ವಿಷಯದಲ್ಲಿ ಅದು ರಾಜ್ಯ ಸರ್ಕಾರ, ಘನತ್ಯಾಜ್ಯ ಕಂಪನಿಯನ್ನು ಹುಟ್ಟುಹಾಕಿದ್ದೂ ಅದೇ ಸರ್ಕಾರ.