ಪ್ರಕೃತಿ, ಲೇಶ್ಯೆ ಮತ್ತು ಗೃಹಸ್ಥ ಜೀವನ

ರೋಣ ಸೀಮೆಯ ನರೇಗಲ್ಲಿನಲ್ಲಿ ಇಂದು ನಾರಾಯಣ ಗುಡಿಯೆಂದು ಕರೆಯಲ್ಪಡುವ ಪ್ರಾಚೀನ ಕಟ್ಟಡವೊಂದಿದೆ. ಮೂಲತಃ ಅದು ಜಿನಾಲಯ. ಗಂಗ ದೊರೆ ಇಮ್ಮಡಿ ಬೂತುಗನ ರಾಣಿ ಪದ್ಮಬ್ಬರಸಿಯು ಕ್ರಿ.ಶ. 950ರಲ್ಲಿ ಅದನ್ನು ಕಟ್ಟಿಸಿದಳು. ಬಸದಿಗೆ ಹೊಂದಿಕೊಂಡು ಒಂದು ದಾನಶಾಲೆಯಿದ್ದು, ಅದಕ್ಕೆ ಕೆರೆಯೊಂದನ್ನು ದತ್ತಿಯಾಗಿ ಬಿಟ್ಟ ಸಂಗತಿ ಶಾಸನದಿಂದ ತಿಳಿದುಬರುತ್ತದೆ. ಇದಕ್ಕೆ ಒಂದು ವರ್ಷ ಮೊದಲು, 949ರಲ್ಲಿ, ಅದೇ ಬೂತುಗನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ನಿಂತು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದಿದ್ದನು. ಆ ಸೇವೆಗೆ ಮೆಚ್ಚಿ ಕೃಷ್ಣನು ಬನವಾಸಿ, ಬೆಳ್ವೊಲ, ಪುರಿಗೆರೆ, ಕಿಸುಕಾಡು ಮೊದಲಾದ ನಾಡುಗಳನ್ನು ಅವನಿಗೆ ಕೊಟ್ಟನೆಂದು ಆತಕೂರಿನ ಶಾಸನ ಹೇಳುತ್ತದೆ.

ಒಂದೇ ಮನೆತನ, ಒಂದು ಕೈಯಲ್ಲಿ ರಕ್ತ ಅಂಟಿದ ಖಡ್ಗ, ಇನ್ನೊಂದು ಕೈಯಲ್ಲಿ ಹಸಿದವರಿಗೆ ಬಡಿಸುವ ಸೌಟು. ಇವೆರಡರಲ್ಲಿ ಆ ಮನೆತನದ ನಿಜವಾದ ಸ್ವಭಾವ ಯಾವುದು? ಮನುಷ್ಯನಿಗೆ ಹುಟ್ಟಿನಿಂದ ಬಂದ ಒಂದು ಗುಣವುಂಟೆ? ಉಂಟಾದರೆ ಅದು ಬದಲಾಗಬಲ್ಲದೆ? ಈ ಪ್ರಶ್ನೆಗಳಿಗೆ ಹಲವು ನಾಡುಗಳ ವೈದ್ಯರೂ ಚಿಂತಕರೂ ಉತ್ತರ ಹುಡುಕಿದ್ದಾರೆ.

ಗ್ರೀಸ್ ದೇಶದ ಹಿಪ್ಪೊಕ್ರಟಿಸ್‌ನ ಪರಂಪರೆಯವರು ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತವೆಂಬ ನಾಲ್ಕು ರಸಗಳಿವೆಯೆಂದು ಭಾವಿಸಿದರು. ಕ್ರಿಸ್ತಶಕ 2ನೆಯ ಶತಮಾನದ ಗ್ಯಾಲೆನನು ಈ ಮತವನ್ನು ವಿಸ್ತರಿಸಿದನು. ರಕ್ತ ಪ್ರಧಾನನಾದವನು ಉಲ್ಲಾಸಿ, ಹಳದಿ ಪಿತ್ತ ಪ್ರಧಾನನಾದವನು ಕೋಪಿಷ್ಠ, ಕಪ್ಪು ಪಿತ್ತದವನು ವಿಷಾದಶೀಲ, ಕಫದವನು ಶಾಂತ ಹಾಗೂ ಮಂದ ಎಂಬ ನಾಲ್ಕು ವಿಧದ ವಿಂಗಡಣೆ ಅಲ್ಲಿಂದ ಬೆಳೆಯಿತು. ಅರಬ್ಬೀ ವೈದ್ಯರ ಮೂಲಕ ಅದೇ ವಿಚಾರ ಯುನಾನಿ ಪದ್ಧತಿಯಾಗಿ ಭಾರತಕ್ಕೂ ಬಂದಿತು. ನಮ್ಮ ಆಯುರ್ವೇದವು ವಾತ, ಪಿತ್ತ, ಕಫವೆಂಬ ಮೂರು ದೋಷಗಳ ಮೇಲೆ ಪ್ರಕೃತಿಯನ್ನು ನಿರ್ಣಯಿಸಿತು. ಜೈನ ವೈದ್ಯರೂ ಇದನ್ನು ಅಂಗೀಕರಿಸಿದರು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವು ತ್ರಿದೋಷ ಸಿದ್ಧಾಂತವನ್ನು ಒಪ್ಪಿಯೂ ಮದ್ಯ, ಮಾಂಸ, ಮಧುಗಳನ್ನು ಔಷಧಿಯಿಂದ ದೂರವಿಟ್ಟ ವೈದ್ಯಗ್ರಂಥ. ದೇಹದ ಪ್ರಕೃತಿ ಯಾವುದೇ ಇರಲಿ, ಅದರ ಉಪಚಾರಕ್ಕಾಗಿ ಅಹಿಂಸೆಯನ್ನು ಬಿಡಬೇಕಾಗಿಲ್ಲವೆಂಬುದು ಅದರ ನಿಲುವು.

ಈ ವಿಂಗಡಣೆ ಗ್ರಂಥಗಳಲ್ಲಿಯೇ ಉಳಿಯಲಿಲ್ಲ, ಜನರ ಮಾತಿನಲ್ಲಿಯೂ ಸೇರಿಹೋಯಿತು. ಸಿಟ್ಟು ಬಂದವನಿಗೆ ಪಿತ್ತ ನೆತ್ತಿಗೇರಿತು ಎನ್ನುತ್ತಾರೆ. ದುಡುಕುವ ತರುಣನದು ಬಿಸಿರಕ್ತ ಎನ್ನುತ್ತಾರೆ. ಆಧುನಿಕ ವೈದ್ಯಶಾಸ್ತ್ರವು ನಾಲ್ಕು ರಸಗಳ ಸಿದ್ಧಾಂತವನ್ನು ಕೈಬಿಟ್ಟಿದೆ. ಇಂದಿನ ಮನೋವಿಜ್ಞಾನವು ಜನರನ್ನು ಮೂರು ನಾಲ್ಕು ಜಾತಿಗಳಾಗಿ ಒಡೆಯುವುದಕ್ಕಿಂತ, ಒಂದೊಂದು ಗುಣವೂ ಒಬ್ಬೊಬ್ಬನಲ್ಲಿ ಹೆಚ್ಚು ಕಡಿಮೆ ಪ್ರಮಾಣದಲ್ಲಿರುತ್ತದೆಂದು ಅಳೆಯುತ್ತದೆ. ಆದರೂ ಹಳೆಯ ಹೆಸರುಗಳು ಸಾಯಲಿಲ್ಲ. ತನ್ನನ್ನೂ ತನ್ನವರನ್ನೂ ಅರಿಯಬೇಕೆಂಬ ಮನುಷ್ಯನ ಹಂಬಲವೇ ಅದಕ್ಕೆ ಕಾರಣ.

ಈ ಹಂಬಲಕ್ಕೆ ಜೈನಾಗಮವು ಕೊಟ್ಟ ಉತ್ತರ ಲೇಶ್ಯಾ ವಿಚಾರ. ಬೂತುಗನ ಮಗ ಮಾರಸಿಂಹನಿಗೂ ಅವನ ನಂತರ ರಾಚಮಲ್ಲನಿಗೂ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನ ಸಲುವಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ವನ್ನು ರಚಿಸಿದರು. ಅದರ ಜೀವಕಾಂಡದಲ್ಲಿ ಲೇಶ್ಯೆಗಳ ವಿಸ್ತಾರವಾದ ನಿರೂಪಣೆಯಿದೆ. ಕೇಶವವರ್ಣಿಯು 1359ರಲ್ಲಿ ಈ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿ ಬರೆದುದರಿಂದ ಆ ವಿಚಾರ ಕನ್ನಡ ಶ್ರಾವಕರಿಗೆ ಅವರ ನುಡಿಯಲ್ಲಿಯೇ ದೊರೆಯಿತು.

ಲೇಶ್ಯೆಯೆಂದರೆ ಲೇಪಿಸುವುದು, ಬಣ್ಣ ಹಚ್ಚುವುದು. ಗಜೇಂದ್ರಗಡದ ನೇಕಾರರ ಮನೆಗಳಲ್ಲಿ ಈ ಮಾತನ್ನು ವಿವರಿಸಬೇಕಾದುದಿಲ್ಲ. ನೂಲು ಮೂಲದಲ್ಲಿ ಬಿಳಿಯದು. ಅದ್ದಿದ ಬಣ್ಣವನ್ನು ಅದು ಹೀರುತ್ತದೆ. ಹಾಗೆಯೇ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಿಂದ ರಂಜಿತವಾದ ಮನ, ವಚನ, ಕಾಯಗಳ ಪ್ರವೃತ್ತಿಯೇ ಭಾವಲೇಶ್ಯೆ. ಕೃಷ್ಣ, ನೀಲ, ಕಾಪೋತವೆಂಬ ಮೂರು ಅಶುಭ. ಪೀತ, ಪದ್ಮ, ಶುಕ್ಲವೆಂಬ ಮೂರು ಶುಭ. ಹಗೆಯನ್ನು ಬಿಡದ ಕ್ರೌರ್ಯ ಕೃಷ್ಣಲೇಶ್ಯೆಯ ಲಕ್ಷಣ. ಆಲಸ್ಯ, ವಂಚನೆ, ಧನಲೋಭಗಳು ನೀಲದವು. ಪರನಿಂದೆ, ಆತ್ಮಪ್ರಶಂಸೆ, ಅಸೂಯೆಗಳು ಕಾಪೋತದವು. ಕಾರ್ಯಾಕಾರ್ಯಗಳ ವಿವೇಕ ಮತ್ತು ದಯೆ ಪೀತದಲ್ಲಿಯೂ, ತ್ಯಾಗ ಮತ್ತು ಕ್ಷಮೆ ಪದ್ಮದಲ್ಲಿಯೂ, ಪಕ್ಷಪಾತವಿಲ್ಲದ ಸಮಭಾವ ಶುಕ್ಲದಲ್ಲಿಯೂ ಕಾಣುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ದೇಹದ ಬಣ್ಣವನ್ನು ಆಚಾರ್ಯರು ದ್ರವ್ಯಲೇಶ್ಯೆಯೆಂದು ಬೇರೆಯಾಗಿಯೇ ಹೇಳಿದ್ದಾರೆ. ಅದು ವರ್ಣನಾಮಕರ್ಮದ ಉದಯದಿಂದ ಬಂದುದು. ಕಪ್ಪು ಮೈಬಣ್ಣಕ್ಕೂ ಕೃಷ್ಣಲೇಶ್ಯೆಯ ಭಾವಕ್ಕೂ ಸಂಬಂಧವಿಲ್ಲ. ಹೆಣ್ಣು ನೋಡಲು ಹೋದಾಗ ಮೈಬಣ್ಣದಿಂದ ಗುಣವನ್ನು ಅಳೆಯುವವರು ಶಾಸ್ತ್ರವನ್ನು ಸಾಕ್ಷಿಗೆ ಕರೆಯುವಂತಿಲ್ಲ.

ಆರು ಭಾವಗಳನ್ನು ತಿಳಿಸಲು ಗೊಮ್ಮಟಸಾರವು ಒಂದು ದೃಷ್ಟಾಂತವನ್ನು ಕೊಡುತ್ತದೆ. ಕಾಡಿನ ನಡುವೆ ದಾರಿ ತಪ್ಪಿದ ಆರು ಜನ ಪಥಿಕರು ಫಲಭರಿತವಾದ ಮರವೊಂದನ್ನು ಕಾಣುತ್ತಾರೆ. ಒಬ್ಬನು ಮರವನ್ನು ಬೇರುಸಹಿತ ಕೀಳಬೇಕೆನ್ನುತ್ತಾನೆ, ಇನ್ನೊಬ್ಬನು ಕಾಂಡವನ್ನು ಕಡಿಯಬೇಕೆನ್ನುತ್ತಾನೆ. ಮೂರನೆಯವನಿಗೆ ಕೊಂಬೆ ಸಾಕು, ನಾಲ್ಕನೆಯವನಿಗೆ ರೆಂಬೆ, ಐದನೆಯವನಿಗೆ ಹಣ್ಣು ಮಾತ್ರ. ಆರನೆಯವನು ನೆಲಕ್ಕೆ ಬಿದ್ದ ಹಣ್ಣನ್ನು ಆಯ್ದುಕೊಳ್ಳಲು ಯೋಚಿಸುತ್ತಾನೆ. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿಯೂ ಈ ಮರ ಮತ್ತು ಆರು ಜನರು ಚಿತ್ರಿತರಾಗಿದ್ದಾರೆ. ಮರವೂ ಒಂದೇ, ಬಯಕೆಯೂ ಒಂದೇ. ಆ ಬಯಕೆ ತೀರಲು ಯಾರು ಎಷ್ಟು ಹಿಂಸೆಗೆ ಸಿದ್ಧರಾದರು ಎಂಬುದಷ್ಟೇ ಅಲ್ಲಿಯ ಅಳತೆ.

ಪ್ರಕೃತಿಗೂ ಲೇಶ್ಯೆಗೂ ಇರುವ ಮುಖ್ಯ ಭೇದ ಇಲ್ಲಿದೆ. ವೈದ್ಯನು ಹೇಳುವ ಪ್ರಕೃತಿ ಹುಟ್ಟಿನೊಡನೆ ಬರುತ್ತದೆ. ಭಾವಲೇಶ್ಯೆಯಾದರೋ ಪರಿಣಾಮಗಳಿಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಮಾರಸಿಂಹನ ಬಾಳೇ ಇದಕ್ಕೆ ನಿದರ್ಶನ. ಚಂದ್ರಗಿರಿಯ ಕೂಗೆ ಬ್ರಹ್ಮದೇವ ಸ್ತಂಭದ ಶಾಸನ ಅವನ ಯುದ್ಧ ವಿಜಯಗಳನ್ನು ಸಾಲುಸಾಲಾಗಿ ಹೇಳಿ, ಕೊನೆಗೆ ಅವನು ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನದಿಂದ ದೇಹವಿಟ್ಟನೆಂದು ತಿಳಿಸುತ್ತದೆ. ಖಡ್ಗವನ್ನು ಹಿಡಿದ ಕೈಯೇ ಅದನ್ನು ಕೆಳಗಿಟ್ಟಿತು. ‘ಅವನ ಸ್ವಭಾವವೇ ಅಷ್ಟು’ ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ನಿತ್ಯಜೀವನದಲ್ಲಿ ಈ ವಿಚಾರದ ಉಪಯೋಗ ದೊಡ್ಡದು. ಬಸದಿಯೊಂದರ ಟ್ರಸ್ಟಿನ ಸಭೆಯಲ್ಲಿ ದೀಪದೆಣ್ಣೆಯ ಲೆಕ್ಕ ತಾಳೆಯಾಗಲಿಲ್ಲವೆಂದು ಭಾವಿಸಬಹುದು. ಲೆಕ್ಕ ಬರೆದವನ ಮನೆತನವನ್ನೇ ಬಸದಿಯಿಂದ ದೂರವಿಡಬೇಕೆನ್ನುವುದು ಬೇರು ಕೀಳುವ ಮಾತು. ಸಮಿತಿಯನ್ನೇ ವಿಸರ್ಜಿಸಬೇಕೆನ್ನುವುದು ಕಾಂಡ ಕಡಿಯುವುದು. ಅವನ ಕೈಯಿಂದ ಎಲ್ಲ ಹೊಣೆಯನ್ನೂ ಕಿತ್ತುಕೊಳ್ಳುವುದು ಕೊಂಬೆ; ಹಳೆಯ ತಪ್ಪುಗಳನ್ನೆಲ್ಲ ಸಭೆಯಲ್ಲಿ ಎತ್ತಿ ಆಡುವುದು ರೆಂಬೆ. ತಪ್ಪಿದ ಬಾಬನ್ನು ಮಾತ್ರ ತೋರಿಸಿ ತಿದ್ದಿಸುವುದು ಹಣ್ಣನ್ನು ಮಾತ್ರ ಕೀಳುವುದು. ಸಭೆಗೆ ಮೊದಲೇ ಅವನೊಡನೆ ಕುಳಿತು, ಅವನೇ ಕಂಡು ತಿದ್ದಿಕೊಳ್ಳಲು ಅವಕಾಶ ಕೊಡುವವನು ಬಿದ್ದ ಹಣ್ಣನ್ನು ಆಯ್ದುಕೊಂಡವನು. ಆರು ಮಾರ್ಗಗಳಲ್ಲಿಯೂ ಬೇಕಾದುದು ಸರಿಯಾದ ಲೆಕ್ಕವೇ. ಆದರೆ ಮೊದಲ ನಾಲ್ಕರಲ್ಲಿ ಲೆಕ್ಕ ಸರಿಯಾದರೂ ಸಂಘ ಒಡೆಯುತ್ತದೆ.

ಮನೆಯಲ್ಲಿಯೂ ಹೀಗೆಯೇ. ‘ಇವನು ಮುಂಗೋಪಿ’, ‘ಇವಳು ಮಂದಿ’ ಎಂದು ಮಕ್ಕಳಿಗೆ ಹೆಸರಿಟ್ಟರೆ ಆ ಮಕ್ಕಳು ಅದನ್ನೇ ನಂಬಿ ಬೆಳೆಯುತ್ತಾರೆ. ಬೇಗ ಕೆರಳುವ ಮಗುವಿಗೆ ತಡೆದು ಮಾತಾಡುವ ಅಭ್ಯಾಸವನ್ನೂ, ನಿಧಾನದ ಮಗುವಿಗೆ ಸಾಕಷ್ಟು ಸಮಯವನ್ನೂ ಕೊಡುವುದಕ್ಕಾಗಿ ಸ್ವಭಾವದ ಅರಿವು ಬೇಕು. ಹಣೆಗೆ ಚೀಟಿ ಅಂಟಿಸುವುದಕ್ಕಲ್ಲ.

ಸ್ವಭಾವದ ಮಾತು ಅನ್ಯಾಯವನ್ನು ಮರೆಮಾಚುವ ಪರದೆಯೂ ಆಗಬಾರದು. ನರಗುಂದದ ಬಾಬಾಸಾಹೇಬನು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದುದನ್ನು ಒಬ್ಬನ ಕೋಪವೆಂದು ಬಗೆದರೆ, ದತ್ತಕದ ಹಕ್ಕಿನ ನಿರಾಕರಣೆಯೂ ನಿಶ್ಶಸ್ತ್ರೀಕರಣದ ಆಜ್ಞೆಯೂ ಕಣ್ಮರೆಯಾಗುತ್ತವೆ. ಅದೇ ನರಗುಂದದಲ್ಲಿ 1980ರ ಜುಲೈ 21ರಂದು ರೈತರು ಬಂಡೆದ್ದುದಕ್ಕೆ ಬಿಸಿರಕ್ತವೊಂದೇ ಕಾರಣವೆಂದರೆ, ಮಲಪ್ರಭಾ ನೀರಾವರಿ ಪ್ರದೇಶದ ಜಮೀನುಗಳ ಮೇಲೆ ಹೇರಿದ ಅಭಿವೃದ್ಧಿ ಕರದ ಭಾರ ಮರೆತುಹೋಗುತ್ತದೆ. ಕೆರಳಿದವನ ಗುಣವನ್ನು ಎಣಿಸುವ ಮೊದಲು ಕೆರಳಿಸಿದ ಕಾರಣವನ್ನು ವಿಚಾರಿಸುವುದು ನ್ಯಾಯ.

ಆದುದರಿಂದ ಲೇಶ್ಯಾ ವಿಚಾರವು ಮೊದಲು ತನ್ನನ್ನು ನೋಡಿಕೊಳ್ಳುವ ಕನ್ನಡಿ. ಪರರ ಮುಖಕ್ಕೆ ಹಿಡಿದ ಕನ್ನಡಿಯಲ್ಲಿ ಹಿಡಿದವನ ಮುಖ ಕಾಣುವುದಿಲ್ಲ. ಸಂಜೆಯ ಪ್ರತಿಕ್ರಮಣದಲ್ಲಿ ಶ್ರಾವಕನು ಅಂದಿನ ತನ್ನ ಒಂದು ಮಾತನ್ನು ನೆನೆದು, ಅದು ಆ ಮರದ ಯಾವ ಭಾಗಕ್ಕೆ ತಾಗಿತೆಂದು ಕೇಳಿಕೊಂಡರೆ ಸಾಕು. ಬೇರಿಗೆ ತಾಗಿದ್ದರೆ ಮರುದಿನ ಕೊಂಬೆಗೆ, ಕೊಂಬೆಗೆ ತಾಗಿದ್ದರೆ ಹಣ್ಣಿಗೆ ಬರಲು ಸಾಧ್ಯ. ನರೇಗಲ್ಲಿನ ದಾನಶಾಲೆಯಲ್ಲಿ ಈಗ ಒಲೆ ಉರಿಯುವುದಿಲ್ಲ. ಆದರೆ ಯುದ್ಧದ ಮರುವರ್ಷವೇ ಅನ್ನದಾನಕ್ಕೆ ಮನಸ್ಸು ಮಾಡಿದ ಒಂದು ಮನೆತನದ ನೆನಪನ್ನು ಆ ಕಲ್ಲುಗಳು ಇಂದಿಗೂ ಉಳಿಸಿಕೊಂಡಿವೆ.